ಬುತ್ತಿ ಕಟ್ಟಿಕೊಂಡು ಹೊರಡುವ ಹಕ್ಕು

ದುಡಿಯುವವರಿಗೆ ಕೂಲಿ ಬೇಕು ಎಂದರೆ ಈಗ ಯಾರೂ ಬಹಿರಂಗವಾಗಿ ಇಲ್ಲವೆನ್ನುವುದಿಲ್ಲ. ಮನೆ ಬೇಕು, ಔಷಧ ಬೇಕು, ಮಕ್ಕಳಿಗೆ ಶಾಲೆ ಬೇಕು ಎಂದರೂ ಎಲ್ಲರೂ ತಲೆದೂಗುತ್ತಾರೆ. ಆದರೆ ದುಡಿಯುವವರಿಗೆ ವಿರಾಮ ಬೇಕು, ತಿಂಗಳಿಗೊಮ್ಮೆಯಾದರೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೋ ಹಳೆಯ ಗುಡಿಯ ಅಂಗಳಕ್ಕೋ ಹೋಗಿ, ಉಂಡು, ಹರಟಿ, ಸಂಜೆಗೆ ತಿರುಗಿ ಬರುವಂತಾಗಬೇಕು ಎಂದು ಹೇಳಿ ನೋಡಿರಿ. ಊರಿನ ದೊಡ್ಡವರ ಮುಖದಲ್ಲಿ ಒಂದು ಬಗೆಯ ನಗೆ ಮೂಡುತ್ತದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?" ಎಂಬ ಗಾದೆ ಅವರ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುತ್ತದೆ. ತಮ್ಮ ಮಕ್ಕಳು ಗೋವೆಗೆ, ದಾಂಡೇಲಿಗೆ ಹೋದರೆ ಅದು ಪ್ರವಾಸ. ಹಮಾಲನ ಮಕ್ಕಳು ಬಂಕಾಪುರದ ನವಿಲು ನೋಡಲು ಹೋದರೆ ಅದು ಕೆಲಸಗೇಡಿತನ!

ಈ ನಗೆಗೆ ನಮ್ಮ ಸಂವಿಧಾನವೇ ಉತ್ತರ ಕೊಟ್ಟಿದೆ. ಅದರ 43ನೆಯ ಅನುಚ್ಛೇದವನ್ನು ತೆಗೆದು ನೋಡಬೇಕು. ಹೊಲದಲ್ಲಿ ದುಡಿಯಲಿ, ಕಾರ್ಖಾನೆಯಲ್ಲಿ ದುಡಿಯಲಿ, ಬೇರೆಲ್ಲಿಯೇ ದುಡಿಯಲಿ, ಎಲ್ಲ ಕೆಲಸಗಾರರಿಗೂ ಬದುಕಲು ಸಾಕಾಗುವ ಕೂಲಿಯ ಜೊತೆಗೆ ವಿರಾಮವನ್ನು ಪೂರ್ತಿಯಾಗಿ ಅನುಭವಿಸುವ ಅವಕಾಶವನ್ನೂ ದೊರಕಿಸಲು ಸರಕಾರ ಪ್ರಯತ್ನಿಸಬೇಕೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. 1948ರಲ್ಲಿ ವಿಶ್ವಸಂಸ್ಥೆ ಹೊರಡಿಸಿದ ಮಾನವ ಹಕ್ಕುಗಳ ಘೋಷಣೆಯ 24ನೆಯ ಕಲಮು ಸಹ ವಿಶ್ರಾಂತಿಯನ್ನೂ ವಿರಾಮವನ್ನೂ ಹಕ್ಕೆಂದೇ ಕರೆದಿದೆ. ಹಿಟ್ಟನ್ನೂ ಹೂವನ್ನೂ ಒಂದೇ ಸಾಲಿನಲ್ಲಿ ಬರೆದವರು ಕನಸುಗಾರರಲ್ಲ, ಕಾಯಿದೆ ಬಲ್ಲವರು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ನಮ್ಮ ಮೂರು ಊರುಗಳ ದುಡಿಯುವ ಜನಕ್ಕೆ ಈ ವಿರಾಮ ಎಷ್ಟರಮಟ್ಟಿಗೆ ದೊರಕುತ್ತಿದೆ?

ಬ್ಯಾಡಗಿಯನ್ನು ತೆಗೆದುಕೊಳ್ಳೋಣ. ಸುಗ್ಗಿಯ ಕಾಲದಲ್ಲಿ ಸೋಮವಾರ, ಗುರುವಾರ ಬಂತೆಂದರೆ ಮೆಣಸಿನಕಾಯಿ ಚೀಲಗಳಿಂದ ಪೇಟೆ ತುಂಬಿಹೋಗುತ್ತದೆ. ಆ ಕೆಂಪು ರಾಶಿಯ ಹಿಂದೆ ಹಮಾಲರಿದ್ದಾರೆ. ಮುಖಕ್ಕೆ ಅರಿವೆ ಕಟ್ಟಿಕೊಂಡು, ಕೈ ಉರಿ ಸಹಿಸಿಕೊಂಡು, ಕಾಯಿಯ ತುಂಬು ಬಿಡಿಸುವ ಹೆಣ್ಣುಮಕ್ಕಳಿದ್ದಾರೆ. ಅವರ ಕೂಲಿ ತೂಕದ ಮೇಲೆ. ಬಿಡಿಸಿದಷ್ಟು ಹಣ, ಬಿಡಿಸದ ದಿನ ಸೊನ್ನೆ. ರಾಣೆಬೆನ್ನೂರಿನ ಸುತ್ತಲ ಬೀಜೋತ್ಪಾದನೆಯ ಹೊಲಗಳಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸುವ ಸೂಕ್ಷ್ಮ ಕೆಲಸವನ್ನು ಮಾಡುವವರೂ ಹೆಚ್ಚಾಗಿ ಹೆಂಗಸರೇ. ಹೂವು ಅರಳುವ ಹೊತ್ತು ಯಾರ ಸೂಟಿಯನ್ನೂ ಕಾಯುವುದಿಲ್ಲ. ಹಾವೇರಿಯ ಅಂಗಡಿ, ಖಾನಾವಳಿ, ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರ ದಿನ ಅಂಗಡಿಯ ಬಾಗಿಲು ತೆರೆದಾಗ ಮೊದಲಾಗಿ ಮುಚ್ಚಿದಾಗ ಮುಗಿಯುತ್ತದೆ.

1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿಯನ್ನೂ ವಾರದ ರಜೆಯನ್ನೂ ಗೊತ್ತುಮಾಡಿತು. 1961ರಲ್ಲಿ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಅಂಗಡಿ ಕೆಲಸಗಾರರಿಗೂ ವಾರದ ರಜೆ ಕೊಟ್ಟಿತು. ಆದರೆ ತೂಕದ ಮೇಲೆ, ಚೀಲದ ಮೇಲೆ, ದಿನದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ರಜೆ ಎಂದರೆ ಏನು? ಕೂಲಿಯಿಲ್ಲದ ದಿನ ಎಂದಷ್ಟೇ ಅರ್ಥ. 2023ರಲ್ಲಿ ರಾಜ್ಯದ ವಿಧಾನಮಂಡಲ ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಡುವ ತಿದ್ದುಪಡಿಯನ್ನು ಮಾಡಿತು. ಎಂಟು ಗಂಟೆಗಾಗಿ ನೂರು ವರ್ಷ ಕಾದಾಡಿದ ಜಗತ್ತಿನಲ್ಲಿ ಇದು ಮುಂದಿಟ್ಟ ಹೆಜ್ಜೆಯೋ ಹಿಂದಿಟ್ಟ ಹೆಜ್ಜೆಯೋ, ವಾಚಕರೇ ಹೇಳಲಿ.

ನಮ್ಮ ಜನಕ್ಕೆ ವಿರಾಮದ ರುಚಿ ಗೊತ್ತಿಲ್ಲ, ಅದನ್ನು ಪಟ್ಟಣದವರು ಕಲಿಸಬೇಕು ಎಂದು ಯಾರಾದರೂ ತಿಳಿದಿದ್ದರೆ ಅದು ದೊಡ್ಡ ತಪ್ಪು. ಸಂಕ್ರಮಣಕ್ಕೆ ಚಕ್ಕಡಿ ಹೂಡಿ ತುಂಗಭದ್ರೆಗೆ ಹೋಗಿ, ಹೊಳೆಯ ಜಳಕ ಮಾಡಿ, ದಂಡೆಯ ಮೇಲೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿದವರು ನಮ್ಮ ಹಿರಿಯರು. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ, ಹತ್ತಾರು ಜನರನ್ನು ಕರೆದು ಉಣಿಸಿದವರು ಅವರೇ. ಪಂಚಮಿಯ ಜೋಕಾಲಿ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿ, ಜಾತ್ರೆಯ ಕುಸ್ತಿ, ರಾತ್ರಿಯಿಡೀ ಬಯಲಾಟ, ಇವು ಯಾವುದಕ್ಕೂ ಟಿಕೀಟು ಇರಲಿಲ್ಲ. ಹಾಗೆಂದು ಹಳೆಯ ಕಾಲವೆಲ್ಲ ಚಿನ್ನವಾಗಿತ್ತೆಂದು ಹಾಡುವುದು ನಮ್ಮ ಉದ್ದೇಶವಲ್ಲ. ಚಕ್ಕಡಿ ಇದ್ದವನು ಹೊಳೆಗೆ ಹೋದನು. ಹೊಲವಿದ್ದವನು ಚರಗ ಚೆಲ್ಲಿದನು. ಹೊಲವಿಲ್ಲದವನು ಕರೆದವರ ಹೊಲದಲ್ಲಿ ಬದುವಿನ ತುದಿಗೆ ಕುಳಿತು ಉಂಡನು. ಕೇರಿಯವರಿಗೆ ಗುಡಿಯ ಅಂಗಳವೂ ತೆರೆದಿರಲಿಲ್ಲ. ಆದ್ದರಿಂದ ಹಳೆಯ ಸುಖವನ್ನು ಹಾಗೆಯೇ ಮರಳಿ ತರಬೇಕಾಗಿಲ್ಲ. ಅದನ್ನು ಎಲ್ಲರದನ್ನಾಗಿ ಮಾಡಬೇಕಾಗಿದೆ.

ಹೋಗಲು ಸ್ಥಳಗಳಿಗೇನು ಬರವೇ? ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ 35 ಕಿಲೋಮೀಟರಿನೊಳಗಿನ ಹಾದಿ. ಬ್ಯಾಡಗಿ ನಡುವೆಯೇ ಇದೆ. ಹಾವೇರಿಯ ಒಳಗೇ ಪಡುವಣಕ್ಕೆ ಮುಖಮಾಡಿ ನಿಂತ ಚಾಲುಕ್ಯರ ಕಾಲದ ಸಿದ್ಧೇಶ್ವರ ಗುಡಿಯಿದೆ. ಪಕ್ಕದಲ್ಲಿ ಹೆಗ್ಗೇರಿ ಕೆರೆಯಿದೆ. ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥದ ಗುಡಿ ಕೋಟೆಯಂತೆ ಕುಳಿತಿದೆ. ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹಿಡಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಆ ಊರಿನ ಹೆಸರಿನಿಂದಲೇ ಗಳಗನಾಥರಾದರು. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ಹೊಳೆಯ ದಂಡೆಗೆ ಮುಕ್ತೇಶ್ವರ ಗುಡಿ. ದೋಣಿ ನಡೆಸುತ್ತಲೇ ನೇರ ಮಾತಿನ ವಚನ ಹೇಳಿದ ಅಂಬಿಗರ ಚೌಡಯ್ಯನ ನೆನಪು ಅಲ್ಲಿಯದು. 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರು ಹಬ್ಬಿದೆ. ಬ್ಯಾಡಗಿಯವರಿಗೆ ಕನಕದಾಸರ ಕಾಗಿನೆಲೆ, ಕದರಮಂಡಲಗಿಯ ಕಾಂತೇಶ ಹತ್ತಿರ. ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವಪ್ಪನ ಊರು ಮೋಟೆಬೆನ್ನೂರು ಅದೇ ತಾಲೂಕಿನಲ್ಲಿದೆ. ಇತ್ತ ಬಂಕಾಪುರದ ಕೋಟೆಯಲ್ಲಿ ಅರವತ್ತು ಕಂಬದ ಗುಡಿ, ಖಿಲಾರಿ ದನಗಳ ಕೇಂದ್ರ, ನವಿಲುಗಳ ಹಿಂಡು, ಎಲ್ಲವೂ ಒಂದೇ ಪ್ರಾಕಾರದೊಳಗೆ. ಒಂದು ವರ್ಷದ ಭಾನುವಾರಗಳಿಗೆ ಸಾಲುವಷ್ಟು ಸಂಪತ್ತು ನಮ್ಮ ಅಂಗಳದಲ್ಲೇ ಬಿದ್ದಿದೆ.

ಹೋಗುವ ಸಾಧನವೂ ಈಗ ಮೊದಲಿಗಿಂತ ಸುಲಭವಾಗಿದೆ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ಆ ದಿನದಿಂದ ಇಂದಿನವರೆಗೂ ಒಂದು ಅಪಹಾಸ್ಯ ಕೇಳಿಬರುತ್ತಲೇ ಇದೆ: ಹೆಂಗಸರು ಸುಮ್ಮನೆ ತಿರುಗಾಡುತ್ತಿದ್ದಾರೆ, ಗುಡಿಗುಂಡಾರ ಸುತ್ತುತ್ತಿದ್ದಾರೆ, ಬೊಕ್ಕಸ ಬರಿದಾಗುತ್ತಿದೆ! ಬೊಕ್ಕಸದ ಲೆಕ್ಕವನ್ನು ಕೇಳುವುದು ನ್ಯಾಯವೇ. ಸಾರಿಗೆ ಸಂಸ್ಥೆಗೆ ಸರಕಾರ ಕೊಡಬೇಕಾದ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಲಿ ಎಂದು ನಾವೂ ಒತ್ತಾಯಿಸುತ್ತೇವೆ. ಆದರೆ "ಸುಮ್ಮನೆ ತಿರುಗಾಡುತ್ತಾರೆ" ಎಂಬ ಮಾತಿನಲ್ಲಿರುವ ತಿರಸ್ಕಾರವನ್ನು ಒಪ್ಪಲಾಗದು. ಹುಟ್ಟಿದಂದಿನಿಂದ ಒಲೆ, ಹೊಲ, ಬಾವಿ, ಹೆರಿಗೆ ಎಂಬ ನಾಲ್ಕು ಗೋಡೆಗಳ ನಡುವೆ ದುಡಿದ ಹೆಂಗಸು ಐವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಓರಗೆಯವರೊಡನೆ ಕಾಗಿನೆಲೆಗೆ ಹೋಗಿ ಬಂದರೆ ಅದು ಸುಮ್ಮನೆ ತಿರುಗಾಟವೇ? ಗಂಡಸು ಕಟ್ಟೆಯ ಮೇಲೆ ಕುಳಿತು ಕಳೆದ ಗಂಟೆಗಳನ್ನು ಇದುವರೆಗೆ ಯಾರು ಲೆಕ್ಕ ಹಾಕಿದ್ದಾರೆ?

ರೈಲಿನ ವಿಷಯವೂ ಹಾಗೆಯೇ. ಹುಬ್ಬಳ್ಳಿ-ಬೆಂಗಳೂರು ದಾರಿಯಲ್ಲಿ ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಒಂದರ ಹಿಂದೊಂದು ನಿಲ್ದಾಣಗಳು. 2020ರ ಸೋಂಕಿನ ಹೊತ್ತಿಗೆ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿ ಬಂದಾಗ ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಬಂದವು. ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ಆಯಿತು. 2024ರ ಫೆಬ್ರುವರಿಯಲ್ಲಿ ಅದನ್ನು ಮತ್ತೆ 10ಕ್ಕೆ ಇಳಿಸಿದರು. ನಾಲ್ಕು ಜನರ ಕೂಲಿ ಕುಟುಂಬಕ್ಕೆ ಈ ಅಂತರ ಹೋಗಿಬರುವುದರಲ್ಲಿ 160 ರೂಪಾಯಿ. ಹೊರಡುವುದೋ ಮನೆಯಲ್ಲೇ ಕೂಡ್ರುವುದೋ ಎಂಬುದನ್ನು ತೀರ್ಮಾನಿಸಲು ಅಷ್ಟು ಸಾಕು.

ಆದರೆ ಬಸ್ಸೊಂದೇ ಸಾಲದು. ಹೆಂಗಸು ದಿನವಿಡೀ ಹೊರಗಿರಬೇಕಾದರೆ ಶುಚಿಯಾದ ಶೌಚಾಲಯ ಬೇಕು. ಮುದುಕರಿಗೆ ನೆರಳು ಬೇಕು, ಮಕ್ಕಳಿಗೆ ಕುಡಿಯುವ ನೀರು ಬೇಕು. ಸಂಜೆ ತಿರುಗಿ ಬರಲು ನಂಬಬಹುದಾದ ಬಸ್ಸು ಬೇಕು. ಪ್ರವಾಸೋದ್ಯಮದ ಹೆಸರಿನಲ್ಲಿ ಎಷ್ಟು ಕೋಟಿ ಖರ್ಚಾಯಿತೆಂದು ಮಂತ್ರಿಗಳು ಹೇಳುವಾಗ ಜನ ಕೇಳಬೇಕಾದದ್ದು ಈ ನಾಲ್ಕನ್ನೇ. ಕಲ್ಲಿನ ಕಮಾನು, ಬಣ್ಣದ ದೀಪ, ಹೆಸರು ಕೆತ್ತಿದ ಫಲಕ ಇವುಗಳಿಂದ ಯಾವ ತಾಯಿಯ ಸಂಕಟವೂ ನೀಗುವುದಿಲ್ಲ.

ಇನ್ನೊಂದು ಕಟು ಸತ್ಯವನ್ನು ಹೇಳಲೇಬೇಕು. ದುಡಿದು ದಣಿದ ಗಂಡಸಿಗೆ ಮನೆಯ ಹತ್ತಿರ, ರಾತ್ರಿಯವರೆಗೂ ಬಾಗಿಲು ತೆರೆದು ಕಾಯುವ ವಿರಾಮದ ಸ್ಥಳ ಯಾವುದು? ಸಾರಾಯಿ ಹೋಗಿ ಈಗ ಬ್ರಾಂದಿ ಅಂಗಡಿ. ವಾಚನಾಲಯ ಸಂಜೆಗೆ ಮುಚ್ಚುತ್ತದೆ; ಗರಡಿಮನೆ ಪಾಳು ಬೀಳುತ್ತದೆ; ಆಟದ ಬಯಲು ವಸ್ತುಪ್ರದರ್ಶನದವರಿಗೆ ಬಾಡಿಗೆ ಹೋಗುತ್ತದೆ. ಆಮೇಲೆ ಕುಡಿತ ಕೆಟ್ಟದ್ದೆಂದು ಅದೇ ಸರಕಾರ ಗೋಡೆಯ ಮೇಲೆ ಬರೆಸುತ್ತದೆ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕೊಡುತ್ತೇವೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಯಬೇಕೆಂದು 1985ರಲ್ಲೇ ಕಾಯಿದೆಯಾಗಿದೆ. ಕಾಯಿದೆಗೆ ಕೊರತೆಯಿಲ್ಲ, ಕೇಳುವ ಬಾಯಿಗೆ ಕೊರತೆ.

ಬಯಲು ಹೋದರೆ ವಿರಾಮವೂ ಹೋಗುತ್ತದೆ ಎಂಬುದನ್ನು ಈ ಸೀಮೆಯ ಜನ ಅನುಭವದಿಂದ ಬಲ್ಲರು. 1984ರಲ್ಲಿ ಸರಕಾರ ಹರಿಹರ ಪಾಲಿಫೈಬರ್ಸ್ ಜೊತೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರು ನೆಲವನ್ನು ನೀಲಗಿರಿ ಬೆಳೆಯಲು ಗೊತ್ತುಮಾಡಿತು. ದನ ಮೇಯುವ, ಉರವಲು ಆರಿಸುವ, ಹುಡುಗರು ಆಡುವ ಬಯಲು ಕಾಗದದ ಮೇಲೆ ಕಂಪನಿಯದಾಯಿತು. 1986ರಲ್ಲಿ ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕೊನೆಗೆ 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಇಂದು ತುಂಗಭದ್ರೆಯ ದಂಡೆಯಲ್ಲಿ ಮರಳು ಅಗೆದ ಗುಂಡಿಗಳನ್ನು ಕಂಡಾಗ ಅದೇ ಪಾಠ ನೆನಪಾಗಬೇಕು. ಹೊಳೆಯ ದಂಡೆ ಲಾರಿಯವರದಾದರೆ ಸಂಕ್ರಮಣದ ಜಳಕ ಮಕ್ಕಳ ಪ್ರಾಣಕ್ಕೆ ಸಂಚಕಾರ.

ವಿರಾಮದ ಹೆಸರಿನಲ್ಲಿ ನಡೆಯುವುದೆಲ್ಲವನ್ನೂ ಹೊಗಳಬೇಕೆಂದೂ ನಾವು ಹೇಳುವುದಿಲ್ಲ. ಹೋಳಿಯಲ್ಲಿ ರಾಣೆಬೆನ್ನೂರಿನ ಜನ ಜೀವಂತ ರತಿ-ಕಾಮರನ್ನು ಕೂಡ್ರಿಸಿ ನಗಿಸಲು ಹೆಣಗುವ ಸ್ಪರ್ಧೆಯುಂಟಲ್ಲ, ಸಾವಿರಾರು ಜನ ಬೀದಿಯಲ್ಲಿ ನಿಂತು ಖರ್ಚಿಲ್ಲದೆ ನಕ್ಕು ಹಗುರಾಗುತ್ತಾರೆ, ಯಾರಿಗೂ ಗಾಯವಿಲ್ಲ. ದೀಪಾವಳಿಯ ಹೋರಿ ಬೆದರಿಸುವ ಹಬ್ಬ ಹಾಗಲ್ಲ. ರೈತ ಮಗನಂತೆ ಸಾಕಿದ ಕೊಬ್ಬರಿ ಹೋರಿಯ ಮೇಲಿನ ಅಭಿಮಾನ ನಮಗೆ ಅರ್ಥವಾಗುತ್ತದೆ. ಆದರೆ 2025ರ ದೀಪಾವಳಿಯಲ್ಲಿಯೂ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತರು, ಅವರಲ್ಲಿ ವೃದ್ಧರಿದ್ದರು. ಬೇಲಿ ಕಟ್ಟಿ, ವೈದ್ಯರನ್ನಿಟ್ಟು, ಹೊಣೆ ಹೊತ್ತು ನಡೆಸುವುದಾದರೆ ನಡೆಯಲಿ. ಬಡವನ ಜೀವ ಪಣಕ್ಕಿಟ್ಟು ದೊಡ್ಡವರು ಬಹುಮಾನದ ಬೈಕು ಹಂಚುವುದು ಮಾತ್ರ ಬೇಡ.

"ಮೊದಲು ಮೆಣಸಿನಕಾಯಿಗೆ ಬೆಲೆ ಕೊಡಿಸಿರಿ, ಆಮೇಲೆ ಮೋಜು" ಎನ್ನುವವರಿಗೂ ಒಂದು ಮಾತು. 2024ರ ಮಾರ್ಚ್ 11ರಂದು ಬೆಲೆ ಕುಸಿದ ಸಿಟ್ಟಿಗೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳು ಉರಿದವು. ಆ ಹೋರಾಟ ಬೇರೆ, ಈ ಹೋರಾಟ ಬೇರೆ ಎಂದು ನಾವು ಭಾವಿಸುವುದಿಲ್ಲ. ಬೆಲೆ ಸಿಕ್ಕರೆ ಕೂಲಿ ಏರಬೇಕು. ಕೂಲಿ ಏರಿದರೆ ಒಂದು ದಿನ ಕುಳಿತು ಉಸಿರಾಡುವಂತಾಗಬೇಕು. ಮನುಷ್ಯ ಬದುಕುವುದು ಮರುದಿನ ಮತ್ತೆ ದುಡಿಯುವುದಕ್ಕಾಗಿಯೇ ಆದರೆ ಅವನಿಗೂ ಗಾಣದ ಎತ್ತಿಗೂ ಭೇದವೇನು?

ಬೇಡಿಕೆಗಳು ಸರಳವಾಗಿವೆ. ಮಾರುಕಟ್ಟೆ ಸಮಿತಿ ಹಮಾಲರಿಗೂ ತುಂಬು ಬಿಡಿಸುವ ಹೆಣ್ಣುಮಕ್ಕಳಿಗೂ ವಾರಕ್ಕೊಂದು ಕೂಲಿಸಹಿತ ಸೂಟಿಯ ನಿಧಿ ಏರ್ಪಡಿಸಲಿ. ಭಾನುವಾರಗಳಂದು ಸಾರಿಗೆ ಸಂಸ್ಥೆ ಮೂರೂ ಊರುಗಳಿಂದ ಗಳಗನಾಥ, ಚೌಡಯ್ಯದಾನಪುರ, ಕಾಗಿನೆಲೆ, ಬಂಕಾಪುರಗಳಿಗೆ ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಸಾಮಾನ್ಯ ಬಸ್ಸು ಓಡಿಸಲಿ. ಆ ಸ್ಥಳಗಳಲ್ಲಿ ನೀರು, ನೆರಳು, ಶೌಚಾಲಯ ಇರಲಿ. ನಗರಸಭೆ, ಪುರಸಭೆಗಳು ಆಟದ ಬಯಲನ್ನು ಬಾಡಿಗೆಗೆ ಕೊಡದಿರಲಿ. ವಾಚನಾಲಯವನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಲಿ.

ಮುಂದಿನ ವಾರ್ಡು ಸಭೆಗೆ ಹೋಗುವ ಗೆಳೆಯರು ಗಟಾರ, ಬೀದಿದೀಪಗಳ ಜೊತೆಗೆ ಇವನ್ನೂ ಬರವಣಿಗೆಯಲ್ಲಿ ಕೊಡಬೇಕು, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು. ಅಷ್ಟರವರೆಗೆ ಕಾಯುತ್ತ ಕೂಡ್ರಬೇಕಾಗಿಲ್ಲ. ಓಣಿಯ ಹತ್ತು ಮನೆಯವರು ಕೂಡಿ, ಜಾತಿಯ ಗೆರೆ ಅಳಿಸಿ, ಬರುವ ಅಮಾವಾಸ್ಯೆಗೋ ಹುಣ್ಣಿಮೆಗೋ ಬುತ್ತಿ ಕಟ್ಟಿಕೊಂಡು ಹೊರಡಲಿ. ಹೋದಲ್ಲಿ ನೀರಿಲ್ಲದಿದ್ದರೆ, ಬಸ್ಸು ಬರದಿದ್ದರೆ, ಅದನ್ನು ಬರೆದು ತರಲಿ. ಮುಂದಿನ ಅರ್ಜಿಗೆ ಅದೇ ಆಧಾರವಾಗುತ್ತದೆ.