ದಾದಿಯರ ಮುಂದಿನ ಇಪ್ಪತ್ತು ವರ್ಷ

ಮುಂಬಯಿಯ ಕನ್ನಡ ದುಡಿಮೆಗಾರರ ಮಾತು ಬಂದಾಗ ಹೋಟೆಲು, ಗಿರಣಿ, ಬ್ಯಾಂಕು ಇವಿಷ್ಟನ್ನೇ ನೆನೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಊರಿನ ಆಸ್ಪತ್ರೆಗಳಲ್ಲಿ ಹಗಲಿರುಳೆನ್ನದೆ ದುಡಿಯುವ ನಮ್ಮ ಸೋದರಿಯರು, ಈಚೆಗೆ ಕೆಲವರು ಸೋದರರೂ, ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ದಾದಿಯ ಕೆಲಸ 'ಪುಣ್ಯದ ಕೆಲಸ'ವೆಂದು ಹೊಗಳುತ್ತೇವೆ. ಮೇ 12ರಂದು ಫ್ಲಾರೆನ್ಸ್ ನೈಟಿಂಗೇಲಳ ಚಿತ್ರಕ್ಕೆ ಹಾರ ಹಾಕಿ ಭಾಷಣ ಮಾಡುತ್ತೇವೆ. ಹತ್ತು ವರ್ಷಗಳ ಮೇಲೆ ಆಕೆ ಯಾವ ಹುದ್ದೆಯಲ್ಲಿರಬೇಕು, ಇಪ್ಪತ್ತು ವರ್ಷಗಳ ಮೇಲೆ ಆಕೆಯ ಸಂಬಳವೆಷ್ಟಿರಬೇಕು ಎಂದು ಕೇಳುವವರಿಲ್ಲ. ಪುಣ್ಯದಿಂದ ಮನೆಬಾಡಿಗೆ ಸಲ್ಲುವುದಿಲ್ಲವಾದ್ದರಿಂದ ಈ ಪ್ರಶ್ನೆಯನ್ನು ನಾವೇ ಕೇಳುತ್ತಿದ್ದೇವೆ.

ಸಾಮಾನ್ಯವಾಗಿ ನಡೆಯುವುದೇನು? ಊರಿನಿಂದ ಬಂದ ಹುಡುಗಿ ಪರಿಚಿತರ ಮಾತಿನ ಮೇಲೆ ಚಿಕ್ಕದೊಂದು ನರ್ಸಿಂಗ್ ಹೋಮಿಗೆ ಸೇರುತ್ತಾಳೆ. ಸಾವಿರ ರೂಪಾಯಿ ಹೆಚ್ಚು ಸಿಕ್ಕಿತೆಂದು ಇನ್ನೊಂದಕ್ಕೆ, ಮನೆಗೆ ಹತ್ತಿರವೆಂದು ಮತ್ತೊಂದಕ್ಕೆ ಹೋಗುತ್ತಾಳೆ. ಹೀಗೆ ಹದಿನೈದು ವರ್ಷ ಕಳೆಯುತ್ತವೆ. ಸೊಂಟ ನೋಯಲಾರಂಭಿಸಿದಾಗ ನೋಡಿದರೆ, ನಿನ್ನೆ ಪಾಸಾಗಿ ಬಂದವಳ ಸಂಬಳಕ್ಕೂ ತನ್ನದಕ್ಕೂ ಹೇಳಿಕೊಳ್ಳುವಂಥ ಅಂತರವೇ ಇಲ್ಲ. ಆಕೆ ಸೋಮಾರಿಯಾಗಿರಲಿಲ್ಲ, ಏಣಿ ಎಲ್ಲಿದೆಯೆಂದು ಸಕಾಲದಲ್ಲಿ ಯಾರೂ ತೋರಿಸಲಿಲ್ಲ, ಅಷ್ಟೆ.

ಏಣಿ ಇದೆ. ಮೂರು ವರ್ಷದ ಜಿ.ಎನ್.ಎಂ. ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಪದವೀಧರರಾಗುತ್ತಾರೆ. ಮುಂದೆ ಎರಡು ವರ್ಷದ ಎಂ.ಎಸ್ಸಿ. ಇದೆ, ಅದು ಬೋಧಕ ವೃತ್ತಿಯ ಬಾಗಿಲು. ಓದಿಗೆ ಅಷ್ಟು ಕಾಲ ಕೊಡಲಾರದವರಿಗೆ ಒಂದೇ ವಿಭಾಗದಲ್ಲಿ ಪರಿಣತಿ ಕೊಡುವ ಒಂದು ವರ್ಷದ ಡಿಪ್ಲೊಮಾಗಳಿವೆ: ತೀವ್ರನಿಗಾ ಘಟಕ, ಶಸ್ತ್ರಕ್ರಿಯೆ ಕೋಣೆ, ನವಜಾತ ಶಿಶು, ಕ್ಯಾನ್ಸರು, ಮನೋರೋಗ ಹೀಗೆ. ಕ್ಯಾನ್ಸರ್ ಶುಶ್ರೂಷೆಗೆ ಇದೇ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ, ಮನೋರೋಗ ಶುಶ್ರೂಷೆಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರಾದ ಸ್ಥಳಗಳು. ಎಲ್ಲ ವಾರ್ಡುಗಳಲ್ಲಿ ಅಲೆದವಳಿಗಿಂತ ಒಂದು ಕೆಲಸವನ್ನು ಆಳವಾಗಿ ಬಲ್ಲವಳನ್ನು ಆಸ್ಪತ್ರೆಗಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಸರಕಾರಿ ಕೆಲಸದ ಏಣಿ ಇನ್ನೂ ಸ್ಪಷ್ಟ. ಕೇಂದ್ರ ಸರಕಾರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಎಂಬ ಹೆಸರು ನರ್ಸಿಂಗ್ ಆಫೀಸರ್ ಎಂದು ಬದಲಾಗಿದೆ. 2016ರಿಂದ ಜಾರಿಗೆ ಬಂದ 7ನೆಯ ವೇತನ ಆಯೋಗದ ಲೆಕ್ಕದಲ್ಲಿ ಈ ಹುದ್ದೆಯ ಆರಂಭದ ಮೂಲವೇತನ 44,900 ರೂಪಾಯಿ. ಅಲ್ಲಿಂದ ಸೀನಿಯರ್ ನರ್ಸಿಂಗ್ ಆಫೀಸರ್, ಸಹಾಯಕ ಸುಪರಿಂಟೆಂಡೆಂಟ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲಿನವರೆಗೆ ಹೋಗಬಹುದು. ಆದರೆ ಏಮ್ಸ್ ಆಸ್ಪತ್ರೆಗಳ ನೇಮಕ ಪರೀಕ್ಷೆಗೆ ಸಾಮಾನ್ಯ ವರ್ಗದವರ ವಯೋಮಿತಿ 30. ಜಿ.ಎನ್.ಎಂ. ಆದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವೂ ಬೇಕು. ಹಾಗಾದರೆ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಕಳೆದ ಐದು ವರ್ಷ ಈ ಲೆಕ್ಕಕ್ಕೆ ಬಾರವು! ಮೊದಲ ನೌಕರಿ ಹಿಡಿಯುವಾಗಲೇ ಇದನ್ನು ತಿಳಿದಿರಬೇಕು. ಮುಂಬಯಿಯ ಪುರಸಭೆಯ ಆಸ್ಪತ್ರೆಗಳ ಕನಸು ಕಾಣುವವರು ಮರಾಠಿಯ ಓದುಬರಹವನ್ನೂ ಇಂದೇ ಕಲಿಯತೊಡಗಬೇಕು.

ಕಾಗದಪತ್ರಗಳ ವಿಷಯದಲ್ಲಿ ನಮ್ಮವರ ಉದಾಸೀನ ಹೇಳತೀರದು. ಕರ್ನಾಟಕದಲ್ಲಿ ಓದಿ ಇಲ್ಲಿಗೆ ಬಂದವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ದಾಖಲಿಸಿಕೊಳ್ಳಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಕೆಲಸ ಬಿಡುವಾಗ ಹಾಸಿಗೆಗಳ ಸಂಖ್ಯೆ, ದುಡಿದ ವಿಭಾಗ, ತಾರೀಖು ಬರೆದ ಅನುಭವಪತ್ರ ಕೈಗೆ ಬರುವವರೆಗೆ ಹೊರಡಬಾರದು. ಮೂಲ ಸರ್ಟಿಫಿಕೇಟುಗಳನ್ನು ಯಾವ ಮಾಲಿಕನ ಕಪಾಟಿನಲ್ಲಿಯೂ ಇಡಬಾರದು. ನಕಲು ಕೊಡಿರಿ, ಮೂಲವನ್ನು ಕೇಳುವ ಕಡೆ ಎರಡು ಸಲ ಯೋಚಿಸಿರಿ.

ಶ್ರಮಪಟ್ಟವರು ಮೇಲೆ ಬರುತ್ತಾರೆ, ಇದರಲ್ಲಿ ಸಂಘಕ್ಕೇನು ಕೆಲಸ ಎಂದು ಕೆಲವರು ಕೇಳಿಯಾರು. ಈ ಮಾತನ್ನು ನಾವು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚಿತವಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ರಾಜ್ಯ ಸರಕಾರದ ದಾದಿಯರಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದ್ದರೆ ಹೊಟ್ಟೆ ತುಂಬುವುದಿಲ್ಲ. ಒಬ್ಬೊಬ್ಬಳೇ ಹೋಗಿ ಕೇಳಿದರೆ ಬಾಗಿಲು ತೋರಿಸುತ್ತಾರೆ; ಹತ್ತು ಮಂದಿ ಕೂಡಿ ಕೇಳಿದರೆ ಕುರ್ಚಿ ತೋರಿಸುತ್ತಾರೆ.

ಮನೆಯವರಿಗೂ ಒಂದು ಮಾತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತು. ಆದರೆ ಮಗುವಾದ ಮೇಲೆ ನೈಟ್ ಡ್ಯೂಟಿ ಬೇಡವೆಂದು ಕೆಲಸ ಬಿಡಿಸುವವರು ಸರಕಾರದವರಲ್ಲ, ನಾವೇ. ನಾಲ್ಕು ವರ್ಷ ಬಿಟ್ಟು ಮರಳಿದವಳು ಕೆಳಗಿನ ಮೆಟ್ಟಿಲಿನಿಂದಲೇ ಮತ್ತೆ ಹತ್ತಬೇಕಾಗುತ್ತದೆ. ಆಕೆಯ ಸಂಬಳದಿಂದ ಊರಿನ ಮನೆಯ ಸಾಲ ತೀರಿಸಿಕೊಂಡವರು, ಆಕೆಯ ಎರಡು ವರ್ಷದ ಓದಿಗೆ ಮಗುವನ್ನು ನೋಡಿಕೊಳ್ಳಬಾರದೇ?

ಹಿಂದೆ ಈ ನಗರದ ಕನ್ನಡ ರಾತ್ರಿಶಾಲೆಗಳು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರಿಗೆ ಮೆಟ್ರಿಕ್ ಮಾಡಿಸಿದವು. ಅವರಲ್ಲಿ ಎಷ್ಟೋ ಮಂದಿ ಗುಮಾಸ್ತರಾದರು, ವಕೀಲರಾದರು. ಅದು ಹಗಲು ದುಡಿಯುವವರಿಗೆ ಹೊಂದಿದ ಏರ್ಪಾಡು. ದಾದಿಯ ಪಾಳಿ ವಾರಕ್ಕೊಂದು ಬಗೆ. ಅವಳಿಗೆ ರಾತ್ರಿಶಾಲೆಯೂ ಒದಗದು. ಆದ್ದರಿಂದ ಕನ್ನಡ ಸಂಘಗಳು ಮೂರು ಕೆಲಸಗಳನ್ನಾದರೂ ಕೈಗೆತ್ತಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ: ಪೋಸ್ಟ್ ಬೇಸಿಕ್ ಓದಿಗೆ ಬಡ್ಡಿಯಿಲ್ಲದ ಸಾಲ, ನೇಮಕ ಪರೀಕ್ಷೆಗೂ ಮರಾಠಿಗೂ ಎರಡು ಪಾಳಿಗಳಲ್ಲಿ ನಡೆಯುವ ತರಗತಿ, ಹೊಸದಾಗಿ ಬಂದ ಹುಡುಗಿಯರಿಗೆ ದಾರಿ ಹೇಳಲು ಒಪ್ಪುವ ಹಿರಿಯ ಸಿಸ್ಟರುಗಳ ಒಂದು ಪಟ್ಟಿ. ವಾರ್ಷಿಕೋತ್ಸವದ ಪೆಂಡಾಲಿನ ಖರ್ಚಿನಲ್ಲಿ ಒಂದು ಭಾಗ ಇದಕ್ಕೆ ಸಾಕು. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ಠರಾವನ್ನು ತರಲಿ. ಮುಂದಿನ ಮೇ 12ಕ್ಕೆ ಹಾರದ ಜತೆಗೆ ಈ ಮೂರರಲ್ಲಿ ಒಂದಾದರೂ ಆರಂಭವಾಗಿರಲಿ.