ರಸ್ತೆಗೆ ಇಳಿಯಲಾರದ ಬೈಕು

ದೀಪವಿಲ್ಲ, ಕನ್ನಡಿಯಿಲ್ಲ, ಹಾರನ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಹಿಂದೆ ಮನೆಯಾಕೆಯನ್ನು ಕೂರಿಸಿಕೊಳ್ಳಲು ಸೀಟಿಲ್ಲ, ತರಕಾರಿ ಚೀಲ ತೂಗುಹಾಕಲು ಕೊಕ್ಕೆಯಿಲ್ಲ. ಕೊನೆಗೆ ನಿಲ್ಲಿಸೋಣವೆಂದರೆ ಸ್ಟ್ಯಾಂಡೂ ಇಲ್ಲ. "ಇಂಥ ಗಾಡಿಗೆ ಲಕ್ಷಗಟ್ಟಲೆ ಸುರಿಯುವವರ ತಲೆ ನೆಟ್ಟಗಿದೆಯೇ ಸಾರ್?" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ. ಕೇಳಿದ್ದು ಲೋಕಾಭಿರಾಮಕ್ಕಲ್ಲ. ಅವನ ಹದಿನಾರು ವರ್ಷದ ಮಗನಿಗೆ ಮೋಟೋಕ್ರಾಸ್ ಹುಚ್ಚು ಹತ್ತಿದೆ. ಅಪ್ಪನ ವಾದ ಬೇರೆ: ಪಿಯುಸಿ ಮುಗಿಸು, ಹದಿನೆಂಟು ತುಂಬಲಿ, ಕಾಲೇಜಿಗೂ ಆಗುವಂತಹ ಒಳ್ಳೆಯ ದೊಡ್ಡ ಬೈಕನ್ನೇ ಕೊಡಿಸುತ್ತೇನೆ. ತಿಂಗಳಿನಿಂದ ತಂದೆ ಮಗನಿಗೆ ಮಾತಿಲ್ಲವಂತೆ. ನಡುವೆ ತಾಯಿ. ನೀವೊಂದು ಮಾತು ಹೇಳಿದರೆ ಕೇಳಿಯಾನು ಎಂಬ ನಂಬಿಕೆ ಅವರದು.

ಮಗನಿಗಲ್ಲ, ಅಪ್ಪನಿಗೇ ಹೇಳಬೇಕಾದ ಮಾತೊಂದಿದೆ. ಇಂತಹ ಪ್ರಶ್ನೆ ನಿಮ್ಮಲ್ಲಿ ಇನ್ನೂ ಹಲವರ ಮನೆಯಲ್ಲಿ ಇರಬಹುದಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ಈ ಎರಡು ಬೈಕುಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಅಪ್ಪ ಉಪಯುಕ್ತವೆಂದು ಕರೆಯುತ್ತಿರುವ ಬೈಕೇ.

ಇದನ್ನು ಕೇವಲ ಪುಸ್ತಕ ಓದಿ ಹೇಳುತ್ತಿಲ್ಲ. ಅದೇ ತರಗತಿಯ ಇನ್ನೊಬ್ಬ ವಿದ್ಯಾರ್ಥಿ ಈಚೆಗೆ ಟ್ರಯಂಫ್ ಕಂಪನಿಯ ಟಿಎಫ್ 250-ಎಕ್ಸ್ ಎಂಬ ಮೋಟೋಕ್ರಾಸ್ ಬೈಕನ್ನು ಕೊಂಡಿದ್ದಾನೆ. 2025ರ ಮಾರ್ಚಿನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಹತ್ತು ಲಕ್ಷಕ್ಕೆ ತುಸು ಕಡಿಮೆ ಇತ್ತು. ಕೋಲಾರದ ಕಡೆ ಒಂದು ಖಾಸಗಿ ಮಣ್ಣಿನ ಟ್ರ್ಯಾಕಿನಲ್ಲಿ ಅದರ ಮೊದಲ ಸವಾರಿಗೆ ಹೊರಟವನು ನನ್ನನ್ನೂ ಕರೆದೊಯ್ದ. ಅವನ ಸರದಿ ಮುಗಿದ ಮೇಲೆ, ಮಕ್ಕಳಿಗೆ ಕಲಿಸುವ ಒಳಸುತ್ತಿನಲ್ಲಿ ಎರಡು ಸುತ್ತು ನಾನೂ ಓಡಿಸಿದೆ. ವಿಷಯ ತಿಳಿದು ನನ್ನ ತಂಗಿ ಎರಡು ದಿನ ಮಾತು ಬಿಟ್ಟಿದ್ದಳು. ಅದು ಬೇರೆ ಕಥೆ.

ಶಾಲೆಗೆ ನಾನು ಯೆಜ್ಡಿಯಲ್ಲಿ ಬರುತ್ತಿದ್ದುದು ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗಿದ್ದ ಆ ಜಾಣ್ಮೆಯನ್ನು ಮೆಚ್ಚದ ಯಾಂತ್ರಿಕನಿಲ್ಲ. 250 ಸಿ.ಸಿ. ಎಂಜಿನ್, ಸುಮಾರು 13 ಅಶ್ವಶಕ್ತಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈ ಹೊಸ ಬೈಕಿನದೂ 250 ಸಿ.ಸಿ.ಯೇ. ಆದರೆ ಶಕ್ತಿ 47ರ ಆಸುಪಾಸು. ತೂಕ, ಪೆಟ್ರೋಲ್ ಬಿಟ್ಟು, ಸುಮಾರು 104 ಕಿಲೋ. ನಮ್ಮ ಯೆಜ್ಡಿಗಿಂತ ಎಷ್ಟೋ ಹಗುರ. ಭಾರವನ್ನು ಇಳಿಸಿ ಬಲವನ್ನು ಮೂರೂವರೆ ಪಟ್ಟು ಏರಿಸಿದರೆ ವೇಗೋತ್ಕರ್ಷ ಏನಾಗುತ್ತದೆಂದು ಲೆಕ್ಕ ಹಾಕಲು ಹತ್ತನೆಯ ತರಗತಿಯ ಭೌತಶಾಸ್ತ್ರ ಸಾಕು.

ಅದರ ಆಸನ ನೆಲದಿಂದ 960 ಮಿಲಿಮೀಟರ್ ಎತ್ತರ. ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ. ಪಕ್ಕದಲ್ಲಿ ಮರದ ದಿಮ್ಮಿಯೊಂದನ್ನು ಇಟ್ಟು, ಮದುಮಗನನ್ನು ಕುದುರೆಗೆ ಹತ್ತಿಸುವಂತೆ ಇಬ್ಬರು ಹುಡುಗರು ನನ್ನನ್ನು ಹತ್ತಿಸಿದರು. ಬೀಗದ ಕೈ ಇಲ್ಲ; ಗುಂಡಿ ಒತ್ತಿದರೆ ಎಂಜಿನ್ ಚಾಲೂ. ವೇಗ ತೋರಿಸುವ ಮೀಟರೂ ಇಲ್ಲ. ಎಷ್ಟು ವೇಗದಲ್ಲಿ ಹೋದಿರಿ ಎಂದು ಆಮೇಲೆ ಮೊಮ್ಮಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟು ಕಿಲೋಮೀಟರ್ ಓಡಿತು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಎಂಜಿನ್ ಎಷ್ಟು ಗಂಟೆ ತಿರುಗಿತು ಎಂಬ ಲೆಕ್ಕದ ಮೇಲೆಯೇ ಎಣ್ಣೆ, ಪಿಸ್ಟನ್, ವಾಲ್ವುಗಳ ಆರೈಕೆ ನಡೆಯುತ್ತದೆ.

ಮೊದಲ ಹತ್ತು ಗಜದಲ್ಲಿ ತಿಳಿದದ್ದು ಸ್ಪ್ರಿಂಗಿನ ಸಂಗತಿ. ಮುಂದಿನ ಫೋರ್ಕೂ ಹಿಂದಿನ ಶಾಕ್ ಅಬ್ಸಾರ್ಬರೂ ತಲಾ 300 ಮಿಲಿಮೀಟರಿಗೂ ಹೆಚ್ಚು ಕುಸಿದು ಮೇಲೇಳಬಲ್ಲವು. ಅಂದರೆ ಶಾಲೆಯ ಒಂದು ಅಡಿಕೋಲಿನಷ್ಟು. ಸ್ಪ್ರಿಂಗಿಗೆ ತೂಕ ತೂಗುಹಾಕಿ ಹುಕ್ ನಿಯಮವನ್ನು ತೋರಿಸುತ್ತಿದ್ದೆನಲ್ಲ, ಇಲ್ಲಿ ಆ ತೂಕ ಸವಾರನೇ. ಅವನು ಕುಳಿತಾಗ ಹಿಂಭಾಗ ಸುಮಾರು 10 ಸೆಂಟಿಮೀಟರ್ ಕುಸಿಯಬೇಕು. ಹಾಗೆ ಕುಸಿಯುವಂತೆ ಪ್ರತಿಯೊಬ್ಬ ಸವಾರನ ತೂಕಕ್ಕೂ ಬೇರೆಬೇರೆಯಾಗಿ ಸರಿಪಡಿಸಬೇಕು. ನನ್ನ ಶಿಷ್ಯ ಎಂಬತ್ತು ಕಿಲೋ ದಾಟಿದವನು, ನಾನು ಐವತ್ತೆಂಟು. ಅವನಿಗೆ ಹೂವಿನ ಹಾಸಿಗೆಯಾಗಿದ್ದ ಅದೇ ಬೈಕು ನನಗೆ ಎತ್ತಿನ ಗಾಡಿಯಂತೆ ಕುಕ್ಕಿತು. ಪತ್ರಿಕೆಗಳಲ್ಲಿ ಹೊಸ ಬೈಕಿನ ಮೊದಲ ಸವಾರಿಯ ಅನುಭವ ಬರೆಯುವವರು ಸಸ್ಪೆನ್ಷನ್ ಗಡುಸು, ಮೃದು ಎಂದು ತೀರ್ಪು ಕೊಡುತ್ತಾರೆ. ಅಂತಹ ಲೇಖನಗಳಲ್ಲಿ ಮೊದಲ ಸಾಲಿಗೇ ಲೇಖಕನ ದೇಹದ ತೂಕವನ್ನು ಅಚ್ಚು ಹಾಕಬೇಕೆಂದು ನನ್ನ ಸಲಹೆ.

ಎರಡನೆಯ ಸಂಗತಿ ಸ್ಪ್ರಿಂಗಿನದಲ್ಲ, ಭಯದ್ದು. ಅಲ್ಲಿ ಕಲಿಸುತ್ತಿದ್ದ ತರುಣ ಮೊದಲೇ ಎಚ್ಚರಿಸಿದ್ದ: "ಸಾರ್, ಹೆದರಿಕೆಯಾದರೆ ಮೈ ಹಿಂದಕ್ಕೆ ವಾಲುತ್ತೆ, ಹ್ಯಾಂಡಲ್ ಹಿಡಿದ ಕೈ ಬಿಗಿಯಾಗುತ್ತೆ, ಮಣಿಕಟ್ಟು ಕೆಳಗಿಳಿಯುತ್ತೆ. ಆಗ ಆಕ್ಸಿಲರೇಟರ್ ಇನ್ನಷ್ಟು ತೆರೆದುಕೊಳ್ಳುತ್ತೆ. ಹೆದರಿದಷ್ಟೂ ಗಾಡಿ ಜೋರಾಗುತ್ತೆ." ಒಂದು ಸಣ್ಣ ದಿಬ್ಬದ ಮೇಲೆ ಅದನ್ನು ಅರೆಕ್ಷಣ ಅನುಭವಿಸಿದೆ. ಅವನು ಹೇಳಿದಂತೆ ಎರಡು ಬೆರಳನ್ನು ಕ್ಲಚ್ಚಿನ ಮೇಲೆಯೇ ಇಟ್ಟುಕೊಂಡಿದ್ದರಿಂದ ಒತ್ತಿದೆ, ನಿಂತಿತು. ಬಿದ್ದಿದ್ದರೂ ಬೀಳುತ್ತಿದ್ದದ್ದು ಉತ್ತು ನೀರು ಚಿಮುಕಿಸಿದ ಮಣ್ಣಿಗೆ. ಮೈಮೇಲೆ ಎದೆಕವಚ, ಮೊಣಕಾಲ ಕವಚ, ಮೊಣಕಾಲಿನವರೆಗೆ ಬೂಟು, ಪೂರ್ಣ ಮುಖದ ಹೆಲ್ಮೆಟ್. ಎದುರಿನಿಂದ ಬರುವ ಲಾರಿಯಿಲ್ಲ, ಏಕೆಂದರೆ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುವವರು. ಯಾರಾದರೂ ಬಿದ್ದರೆ ಹಿಂದಿನವರಿಗೆ ಹಳದಿ ಬಾವುಟ ತೋರಿಸಲು ತಿರುವಿನಲ್ಲಿ ಒಬ್ಬ ನಿಂತೇ ಇರುತ್ತಾನೆ.

ಇದೇ ಅರೆಕ್ಷಣವನ್ನು ನೆಲಮಂಗಲದ ಹೆದ್ದಾರಿಯಲ್ಲಿ, ಹದಿನೆಂಟು ತುಂಬಿದ ವಾರಕ್ಕೇ 40 ಅಶ್ವಶಕ್ತಿಯ ಬೈಕು ಏರಿದ ಹುಡುಗನಿಗೆ ಕೊಟ್ಟು ನೋಡಿ. ಅವನ ಮಣಿಕಟ್ಟೂ ಹಾಗೆಯೇ ಇಳಿಯುತ್ತದೆ. ಅಲ್ಲಿ ಬಣ್ಣ ಬಳಿಯದ ಹಂಪು, ತಪ್ಪು ದಿಕ್ಕಿನಲ್ಲಿ ನುಗ್ಗುವ ಆಟೋ, ಅಡ್ಡ ಬರುವ ದನ, ಕಾಂಕ್ರೀಟಿನ ಅಡ್ಡಗೋಡೆ. ಮೈಮೇಲೆ ಟೀ ಶರ್ಟು, ಕಾಲಲ್ಲಿ ಚಪ್ಪಲಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಒಂದೇ ವರ್ಷದಲ್ಲಿ ಮುಕ್ಕಾಲು ಲಕ್ಷದಷ್ಟು ಜನ. ನಾನು ಕಲಿಸಿದ ಮಕ್ಕಳಲ್ಲಿ ಹೀಗೆ ಹೋದವರು ಮೂವರಿದ್ದಾರೆ. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ಮೂವರ ಬೈಕೂ ಅವರವರ ಮನೆಯವರ ಪಾಲಿಗೆ ಉಪಯುಕ್ತ ವಾಹನವೇ ಆಗಿತ್ತು.

ವೇಗದ ಆಸೆ ಹದಿಹರೆಯದಲ್ಲಿ ಹುಟ್ಟುವುದು ಮೀಸೆ ಮೂಡುವಷ್ಟೇ ಸಹಜ. ಬುದ್ಧಿವಾದದಿಂದ ಅದು ಹೋಗುವುದನ್ನು ಮೂವತ್ತೆರಡು ವರ್ಷಗಳ ಶಿಕ್ಷಕ ವೃತ್ತಿಯಲ್ಲಿ ನಾನಂತೂ ಕಾಣಲಿಲ್ಲ. ಬೆಂಗಳೂರಿನ ಸುತ್ತಲ ಹೆದ್ದಾರಿಗಳಲ್ಲಿ ವ್ಹೀಲಿ ಮಾಡುವ ಹುಡುಗರನ್ನು ಪೊಲೀಸರು ಹಿಡಿಯುತ್ತಲೇ ಇದ್ದಾರೆ, ಹೊಸಬರು ಹುಟ್ಟುತ್ತಲೇ ಇದ್ದಾರೆ. ಕಾನೂನು ಸಡಿಲವೇನಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಚಲಾಯಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಷ್ಟಾದರೂ ಹೈಸ್ಕೂಲಿನ ಗೇಟಿನ ಎದುರಿಗೇ ಅಪ್ಪನ ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ.

ಮೋಟೋಕ್ರಾಸ್ ಬೈಕಿನ ಗುಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದಕ್ಕೆ ನೋಂದಣಿಯೇ ಆಗುವುದಿಲ್ಲ, ಆದ್ದರಿಂದ ಸಾರ್ವಜನಿಕ ರಸ್ತೆಗೆ ಇಳಿಯುವ ಹಕ್ಕಿಲ್ಲ. ಟ್ರ್ಯಾಕಿಗೆ ಒಯ್ಯಬೇಕಾದರೂ ಪಿಕಪ್ ಗಾಡಿಯ ಮೇಲೆ ಹಗ್ಗ ಕಟ್ಟಿಯೇ ಒಯ್ಯಬೇಕು, ದೊಡ್ಡವರೊಬ್ಬರು ಜೊತೆಗಿರಲೇಬೇಕು. ಅರ್ಧ ರಾತ್ರಿ ಗೆಳೆಯ ಕರೆದನೆಂದು ತೆಗೆದುಕೊಂಡು ಹೊರಡುವಂತಿಲ್ಲ, ದೀಪವೇ ಇಲ್ಲವಲ್ಲ. ಅಪ್ಪ ಯಾವುದನ್ನು ಕೊರತೆಯೆಂದು ಪಟ್ಟಿ ಮಾಡಿದನೋ ಅವೆಲ್ಲವೂ ನನಗೆ ಆ ಬೈಕಿನ ದೊಡ್ಡ ಸದ್ಗುಣಗಳಾಗಿ ಕಂಡವು.

ಈ ಆಟ ನಿನ್ನೆ ಮೊನ್ನೆಯದೇನಲ್ಲ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯ ಬೀಳುಭೂಮಿಯಲ್ಲಿ ಕೆಲವರು ಬೈಕುಗಳನ್ನು ಗುಡ್ಡ ಹಳ್ಳಗಳ ಮೇಲೆ ಓಡಿಸಿ, ಯಾರು ಬೇಗ ಮುಗಿಸುತ್ತಾರೆಂದು ನೋಡಿದರು. ಅಂಕ ಕೊಡುವ ಕಟ್ಟಳೆಗಳನ್ನು ಬದಿಗಿಟ್ಟ ಆ ಸ್ಪರ್ಧೆಗೆ ಸ್ಕ್ರ್ಯಾಂಬಲ್ ಎಂದು ಹೆಸರಾಯಿತು. ಫ್ರೆಂಚರು ಮೋಟಾರ್‌ಸೈಕಲ್ ಮತ್ತು ಕ್ರಾಸ್‌ಕಂಟ್ರಿ ಪದಗಳನ್ನು ಬೆಸೆದು ಮೋಟೋಕ್ರಾಸ್ ಎಂದರು. 1960ರ ದಶಕದಲ್ಲಿ ಇದರ ವಿಶ್ವಪದಕಗಳನ್ನು ಗೆದ್ದ ಬೈಕುಗಳಲ್ಲಿ ಚೆಕೊಸ್ಲೊವಾಕಿಯಾದ ಸಿಝಡ್ ಮುಖ್ಯವಾದದ್ದು. ನಮ್ಮ ಮೈಸೂರಿನ ಜಾವಾ ಬೈಕಿನ ಮೂಲವೂ ಆ ದೇಶವೇ ಎಂಬುದನ್ನು ಅಭಿಮಾನದಿಂದ ನೆನೆಯಬಹುದು.

ಇನ್ನು ಆಕ್ಷೇಪಗಳು. ತಾಯಿ ಕೇಳಿದ್ದು ಒಂದೇ ಮಾತು: "ಬಿದ್ದರೆ?" ಬೀಳುತ್ತಾನಮ್ಮ, ಖಂಡಿತ ಬೀಳುತ್ತಾನೆ. ಭುಜದ ಮುಂದಿನ ಕತ್ತರಿ ಎಲುಬು, ಮಣಿಕಟ್ಟು, ಕಾಲ್ಗಂಟು, ಇವು ಈ ಆಟದಲ್ಲಿ ಮುರಿಯುವ ಎಲುಬುಗಳು. ತಲೆಗೆ ಪೆಟ್ಟಾಗುವುದೂ ಉಂಟು. ಮೋಟೋಕ್ರಾಸ್‌ನಲ್ಲಿ ಪಳಗಿ ಮರುಭೂಮಿಯ ರ‍್ಯಾಲಿಗಳಿಗೆ ಹೋದ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಅವರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಏಟಾಗಿ, ವೈದ್ಯರು ಔಷಧಿ ಕೊಟ್ಟು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಇರಿಸಬೇಕಾಯಿತು, ಪುಣ್ಯಕ್ಕೆ ಚೇತರಿಸಿಕೊಂಡರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನಲ್ಲಿ ಬಿದ್ದು ಗಂಭೀರವಾಗಿ ಗಾಯಗೊಂಡರು, ಮರುವರ್ಷ ಬಾಹಾ ರ‍್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ರ‍್ಯಾಲಿಯೆಂಬುದು ಮುಚ್ಚಿದ ಟ್ರ್ಯಾಕಿಗಿಂತ ಎಷ್ಟೋ ಕಠಿಣ, ನಿಜ. ಆದರೂ ಅಪಾಯವೇ ಇಲ್ಲವೆಂದು ಹೇಳಿ ಒಬ್ಬ ತಾಯಿಯನ್ನು ಒಪ್ಪಿಸುವುದು ಮೋಸವಾದೀತು. ನಾನು ತೂಗುತ್ತಿರುವುದು ಅಪಾಯವನ್ನೂ ನಿರಪಾಯವನ್ನೂ ಅಲ್ಲ, ಎರಡು ಅಪಾಯಗಳನ್ನು. ಒಂದರಲ್ಲಿ ಕಲಿಸುವವನಿದ್ದಾನೆ, ಕವಚವಿದೆ, ಬಾವುಟವಿದೆ. ಇನ್ನೊಂದರಲ್ಲಿ ಹುಡುಗ ಒಬ್ಬನೇ.

ಹಣದ ಆಕ್ಷೇಪವೇ ನನಗೆ ಹೆಚ್ಚು ತೂಕದ್ದಾಗಿ ತೋರುತ್ತದೆ. ಹತ್ತು ಲಕ್ಷದ ಬೈಕು ಮೇಷ್ಟರ ಮಗನಿಗಾಗಲಿ ರೈತನ ಮಗನಿಗಾಗಲಿ ಎಟುಕುವುದಲ್ಲ. ಜಿಲ್ಲೆಗೊಂದು ಕ್ರೀಡಾಂಗಣ ಕಟ್ಟುತ್ತೇವೆ, ಈಜುಕೊಳ ಕಟ್ಟುತ್ತೇವೆ. ಊರಿನ ಸದ್ದಿನಿಂದ ದೂರದಲ್ಲಿ, ಬೆಳೆಯಾಗದ ಆರೇಳು ಎಕರೆಯಲ್ಲಿ ಒಂದು ಜೆಸಿಬಿಯಿಂದ ದಿಬ್ಬ ತಿರುವು ಮಾಡಿಸಿ, ನೀರಿನ ಟ್ಯಾಂಕರ್ ಒಂದನ್ನು ಇಟ್ಟು, ನಾಲ್ಕು ಸಣ್ಣ ಬೈಕುಗಳನ್ನು ಬಾಡಿಗೆಗೆ ಕೊಡುವ ವ್ಯವಸ್ಥೆಯಾದರೆ ಅದರ ಖರ್ಚು ಈಜುಕೊಳದ್ದನ್ನು ಮೀರದು. ವ್ಹೀಲಿಯ ಹುಡುಗರನ್ನು ಹಿಡಿದು ದಂಡ ಹಾಕುವ ಸರ್ಕಾರ, ಆ ದಂಡದ ಹಣದಲ್ಲೇ ಇಂತಹದೊಂದನ್ನು ಮಾಡಬಾರದೇಕೆ? ಇದು ನನ್ನ ಹಗಲುಗನಸೆಂದು ಗೊತ್ತು. ಬಿಗ್ ಬಾಸ್ ಮನೆಯಲ್ಲಿದ್ದ ಅರವಿಂದ್ ಕೆ.ಪಿ. ಅವರನ್ನು ನಮ್ಮ ಬಂಧುವರ್ಗದಲ್ಲಿ ಗುರುತಿಸದವರಿಲ್ಲ. ಅದೇ ಅರವಿಂದ್ 2019ರಲ್ಲಿ ಡಕಾರ್ ಪೂರ್ಣಗೊಳಿಸಿದವರು ಎಂದು ತಿಳಿದವರು ಮಾತ್ರ ನಮ್ಮ ಮನೆಯಲ್ಲಿ ಇಬ್ಬರೇ.

ಹಾಗಾದರೆ ಅಪ್ಪ ಏನು ಮಾಡಬೇಕು? ಹತ್ತು ಲಕ್ಷದ ಬೈಕು ಬೇಡವೇ ಬೇಡ. ಅದು ಪಳಗಿದವರ ಕೈಗೆ ತಕ್ಕದ್ದು. ಕಲಿಯುವವನನ್ನು ಅದು ಹೊತ್ತುಕೊಂಡೇ ಹೋಗುತ್ತದೆ. ಮೊದಲು ಟ್ರ್ಯಾಕಿನ ಬಾಡಿಗೆ ಬೈಕಿನಲ್ಲಿ, ತರಬೇತುದಾರರ ಕೈಕೆಳಗೆ ನಾಲ್ಕು ಭಾನುವಾರ ಕಳುಹಿಸು. ಹುಡುಗರಲ್ಲಿ ಹಲವರಿಗೆ ಅಷ್ಟರಲ್ಲೇ ಮುಂಗೈ ಬಾತು, ಅಂಗೈ ಬೊಬ್ಬೆ ಎದ್ದು, ಹಂಬಲ ಇಳಿಯುತ್ತದೆ. ಇಳಿಯದಿದ್ದರೆ ದುಡ್ಡನ್ನು ಮೊದಲು ಹೆಲ್ಮೆಟ್, ಬೂಟು, ಕುತ್ತಿಗೆಯ ಕವಚಗಳಿಗೆ ಹಾಕು. ಬೈಕು ಹಳೆಯದು, ಸಣ್ಣದು, ಯಾರೋ ಉಪಯೋಗಿಸಿ ಬಿಟ್ಟದ್ದಾಗಲಿ. ಬೈಕು ತೊಳೆದು, ಚೈನಿಗೆ ಎಣ್ಣೆ ಹಾಕಿ, ಏರ್ ಫಿಲ್ಟರ್ ಬಿಚ್ಚಿ ಶುಚಿಮಾಡುವ ಕೆಲಸ ಅವನದೇ ಎಂದು ಮೊದಲೇ ಒಪ್ಪಂದ ಮಾಡಿಕೋ. ಮಣ್ಣಿನಲ್ಲಿ ಒಂದು ದಿನ ಓಡಿಸಿದರೆ ಎರಡು ಗಂಟೆಯ ತೊಳೆಯುವ ಕೆಲಸವಿರುತ್ತದೆ, ನಾನು ನೋಡಿದ್ದೇನೆ. ಹದಿನೆಂಟಕ್ಕೆ ಕೊಡಿಸುತ್ತೇನೆಂದಿರುವ ಆ ದೊಡ್ಡ ರಸ್ತೆ ಬೈಕಿನ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊ. ಕಾಲೇಜಿಗೆ ನಮ್ಮೂರಿನಿಂದ ಮುಂಜಾನೆ ಆರೂಮುಕ್ಕಾಲಿಗೊಂದು, ಏಳೂವರೆಗೊಂದು ಬಸ್ಸಿದೆ.