‘ಶಕ್ತಿ ಇಂಜೆಕ್ಷನ್’ ಆದ ಮೇಲೆ ಮುಖದಲ್ಲಿ ಗುಳ್ಳೆನಾ? ಕ್ರೀಮ್ ಹಚ್ಚುವ ಮುನ್ನ ಇದನ್ನು ಓದಿ

ಬೈಯಪ್ಪನಹಳ್ಳಿ: ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿವರೆಗೂ ನಿಂತೇ ಇರುವ ಅಂಗಡಿಯವರಿಗೆ ಸುಸ್ತು, ಕಾಲುರಿ, ಕೈ ಜೋಮು ಹೊಸದಲ್ಲ. ‘ಒಂದು ಬಿ12 ಹಾಕಿಸ್ಕೊಳ್ಳಿ, ಸರಿಹೋಗುತ್ತೆ’ ಅನ್ನೋ ಸಲಹೆಯೂ ಹೊಸದಲ್ಲ. ಆದರೆ ಆ ಕೆಂಪು ಇಂಜೆಕ್ಷನ್ ಆದ ಕೆಲವು ದಿನಕ್ಕೆ ಹಣೆ, ಕೆನ್ನೆ, ಎದೆ, ಬೆನ್ನಿನ ಮೇಲೆ ಸಣ್ಣ ಗುಳ್ಳೆ ಎದ್ದರೆ, ಎರಡಕ್ಕೂ ನಂಟಿದೆ ಅಂತ ಹೊಳೆಯುವುದು ಕಡಿಮೆ. ‘ಉಷ್ಣ ಆಗಿದೆ’ ಅಂತ ಎಳನೀರು ಕುಡಿದು, ಮೆಡಿಕಲ್ ಸ್ಟೋರ್‌ನಿಂದ ಒಂದು ಕ್ರೀಮ್ ತಂದು ಹಚ್ಚೋದೇ ಹೆಚ್ಚು. ದೊಡ್ಡ ತೊಂದರೆ ಶುರುವಾಗೋದು ಅಲ್ಲಿಂದ.

ಗುಳ್ಳೆ ಏಳೋದು ಏಕೆ?

ಮೊಡವೆಗೆ ಸಂಬಂಧಪಟ್ಟ ಬ್ಯಾಕ್ಟೀರಿಯಾ ಎಲ್ಲರ ಚರ್ಮದಲ್ಲೂ ಇರುತ್ತೆ. ಅದು ತನಗೆ ಬೇಕಾದ ಬಿ12 ತಾನೇ ತಯಾರಿಸಿಕೊಳ್ಳುತ್ತೆ. ಹೊರಗಿನಿಂದ ಧಾರಾಳವಾಗಿ ಸಿಕ್ಕಾಗ ಆ ಕೆಲಸ ಕಡಿಮೆ ಮಾಡಿ, ಪಾರ್ಫಿರಿನ್ ಎಂಬ ಪದಾರ್ಥವನ್ನು ಹೆಚ್ಚು ಮಾಡುತ್ತೆ. ಚರ್ಮ ಕೆರಳೋದು ಅದರಿಂದ ಎಂದು ಅಮೆರಿಕದ ಲಾಸ್ ಏಂಜಲೀಸ್‌ನ ಸಂಶೋಧಕರು 2015ರಲ್ಲಿ ವಿವರಿಸಿದ್ದಾರೆ. ಅವರು ಇಂಜೆಕ್ಷನ್ ಕೊಟ್ಟ 10 ಆರೋಗ್ಯವಂತರಲ್ಲಿ ಒಬ್ಬರಿಗೆ ವಾರದಲ್ಲಿ ಮೊಡವೆ ಬಂತು. ಅಂದರೆ ಎಲ್ಲರಿಗೂ ಆಗಲ್ಲ, ಆದರೆ ಆಗೋದು ನಿಜ.

ಪ್ರಮಾಣವನ್ನೂ ನೋಡಿ. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ಸುಮಾರು 2ರಿಂದ 2.5 ಮೈಕ್ರೊಗ್ರಾಂ. ಒಂದು ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಇರೋದು 500ರಿಂದ 1,500 ಮೈಕ್ರೊಗ್ರಾಂ! ಕೊರತೆ ಇದ್ದವರಿಗೆ ಇದು ಔಷಧ. ಕೊರತೆ ಇಲ್ಲದವರಿಗೆ ದುಡ್ಡು ದಂಡ, ಜೊತೆಗೆ ಗುಳ್ಳೆ.

ಕ್ರೀಮ್‌ನ ಬಲೆ

ಬಿ12ನಿಂದ ಬಂದ ಗುಳ್ಳೆ ಇಂಜೆಕ್ಷನ್ ನಿಂತ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತೆ. ಆದರೆ ಸ್ಟೀರಾಯ್ಡ್ ಇರುವ ಕ್ರೀಮ್ ಹಚ್ಚಿದರೆ ಮೊದಲು ಕಡಿಮೆಯಾದಂತೆ ಕಂಡು, ಬಿಟ್ಟ ಕೂಡಲೇ ಎರಡರಷ್ಟಾಗುತ್ತೆ. ಚರ್ಮ ತೆಳ್ಳಗಾಗಿ, ಮುಖ ಕೆಂಪೇರಿ, ಬಿಸಿಲಿಗೆ ಹೋದರೆ ಉರಿಯುತ್ತೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಚರ್ಮದ ಔಷಧಿಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದು ಇದಕ್ಕೇ. ಚೀಟಿ ಇಲ್ಲದೆ ಕೊಡುವಂತಿಲ್ಲ. ನಮ್ಮ ಮೆಡಿಕಲ್ ಸ್ಟೋರ್‌ನವರು ‘ಡಾಕ್ಟರ್ ಚೀಟಿ ತನ್ನಿ’ ಅಂದರೆ ಬೇಸರ ಬೇಡ, ಅವರು ಗಿರಾಕಿಯ ಒಳ್ಳೆಯದಕ್ಕೇ ಹೇಳೋದು.

‘ಬೆಳ್ಳಗಾಗುವ’ ಡ್ರಿಪ್

ಮದುವೆ ಸೀಸನ್‌ನಲ್ಲಿ ಕೇಳಿಬರುವ ಗ್ಲುಟಾಥಯೋನ್, ವಿಟಮಿನ್ ಸಿ ಡ್ರಿಪ್ ಇನ್ನೂ ಅಪಾಯ. ಈ ಗೀಳು ಜೋರಾಗಿದ್ದ ಫಿಲಿಪ್ಪೀನ್ಸ್‌ನಲ್ಲಿ, ಚರ್ಮ ಸುಲಿದು ಬರುವಂಥ ಗಂಭೀರ ಅಡ್ಡಪರಿಣಾಮ ಆಗಬಹುದು ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿತ್ತು. ಡ್ರಿಪ್ ಹಾಕೋದು ಬ್ಯೂಟಿ ಪಾರ್ಲರ್ ಕೆಲಸ ಅಲ್ಲ.

ಹಾಗಾದರೆ ಏನು ಮಾಡಬೇಕು?

* ಮೊದಲು ರಕ್ತಪರೀಕ್ಷೆ, ಆಮೇಲೆ ಇಂಜೆಕ್ಷನ್. ಪೂರ್ತಿ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ನಿಜವಾದ ಕೊರತೆ ಇರಬಹುದು. ಅಂಥವರು ಗುಳ್ಳೆಗೆ ಹೆದರಿ ತಾವೇ ನಿಲ್ಲಿಸಬಾರದು. ಕೊರತೆ ಹಾಗೇ ಉಳಿದರೆ ನರಕ್ಕೇ ಪೆಟ್ಟು. ಮಾತ್ರೆ ಸಾಕೇ ಅಂತ ಡಾಕ್ಟರನ್ನೇ ಕೇಳಿ.
* ಹಾಕಿಸಿಕೊಂಡ ಇಂಜೆಕ್ಷನ್ ಹೆಸರು, ದಿನಾಂಕ ಬರೆದಿಟ್ಟುಕೊಳ್ಳಿ. ಖಾಲಿ ಬಾಟಲಿಯ ಫೋಟೊ ಇದ್ದರೂ ಸಾಕು.
* ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟಿದಂತಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಜ್ವರದ ಜೊತೆ ಬಾಯಿಹುಣ್ಣು, ನೀರುಗುಳ್ಳೆ ಬಂದರೆ, ಸೂಜಿ ಚುಚ್ಚಿದ ಜಾಗ ಕಪ್ಪಾಗಿ ನೋವು ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.
* ಕ್ಲಿನಿಕ್‌ನಲ್ಲಿ ಕೆಪಿಎಂಇ ನೋಂದಣಿ ಸಂಖ್ಯೆ ಇದೆಯೇ ನೋಡಿ. 2007ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಖಾಸಗಿ ಕ್ಲಿನಿಕ್ ನಡೆಸುವಂತಿಲ್ಲ.

ನಮಗೆ ಹತ್ತಿರ ಇಂದಿರಾನಗರದ ಸರ್ ಸಿ.ವಿ. ರಾಮನ್ ಜನರಲ್ ಆಸ್ಪತ್ರೆ ಇದೆ, ಶಿವಾಜಿನಗರದಲ್ಲಿ ಬೌರಿಂಗ್ ಇದೆ. ಔಷಧದಿಂದ ಅಡ್ಡಪರಿಣಾಮ ಆಗಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-180-3024ಕ್ಕೆ ನೀವೇ ತಿಳಿಸಬಹುದು. ‘ಬರೀ ಗುಳ್ಳೆ ತಾನೇ’ ಅಂತ ಎಲ್ಲರೂ ಸುಮ್ಮನಾದರೆ, ಯಾವ ಇಂಜೆಕ್ಷನ್‌ನಿಂದ ಎಷ್ಟು ಜನರಿಗೆ ತೊಂದರೆ ಆಯ್ತು ಅನ್ನೋ ಲೆಕ್ಕವೇ ಸಿಗೋದಿಲ್ಲ.